ಇಲ್ಲ ಎನ್ನಲು ಬಾರದ ಊರಿನ ಕಂಬಗಳು

"ಬಾಯಿ ಮುಚ್ಕೊಂಡು ಕೂತ್ಕೋ! ಇದು ನಿನ್ನ ಹಿಟ್ಟಿನ ಗಿರಣಿ ಅಲ್ಲ, ಪುರಸಭೆ!" ಎಂದು ನಮ್ಮಣ್ಣ ಮೇಜು ಗುದ್ದಿದ. ಲೋಟದ ನೀರು ಚೆಲ್ಲಿ ಗುಮಾಸ್ತರ ಕಾಗದದತ್ತ ಹರಿಯಿತು.

"ಗಿರಣೀಲಿ ಕಾಳು ಹಾಕಿದ್ರೆ ಹಿಟ್ಟಾದ್ರೂ ಬರುತ್ತೆ. ಇಲ್ಲಿ ಏನು ಹಾಕಿದ್ರೂ 'ಮುಂದಿನ ಸಭೆ' ಅನ್ನೋದೊಂದೇ ಬರೋದು," ಎಂದೆ.

ಯಾರೋ ಕಿಸಕ್ಕೆಂದರು. ಅಣ್ಣ ಆ ಕಡೆ ಕತ್ತು ತಿರುಗಿಸಿದ. ನಗು ಅಲ್ಲೇ ಸತ್ತಿತು.

"ಅಧ್ಯಕ್ಷರೇ ಅನ್ನು. ಸಭೇಲಿ ಅಣ್ಣ ಗಿಣ್ಣ ಎಲ್ಲ ಇಲ್ಲ."

"ಆಯ್ತು, ಅಧ್ಯಕ್ಷರೇ. ನೀವು ಈಗ ಮಾಡ್ತಿರೋದು ಊರಿಗೆ ಕೇಡು, ಅಣ್ಣ."

ಜಗಳ ಹತ್ತಿಕೊಂಡದ್ದು ಕಂಬಗಳಿಂದ. ನಮ್ಮ ಬೀದಿದೀಪದ ಕಂಬಗಳೆಲ್ಲ ಪುರಸಭೆಯವು. ನೆಟ್ಟವರು ನಾವು, ಬಣ್ಣ ಬಳಿಯುವವರು ನಾವು, ವಾಲಿದರೆ ಹಗ್ಗ ಕಟ್ಟಿ ನೆಟ್ಟಗೆ ನಿಲ್ಲಿಸುವವರೂ ನಾವೇ. ಈಗ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಮೊಬೈಲ್ ಕಂಪನಿಯವರು ಯಾವ ಊರಿನ ಕಂಬಕ್ಕೆ ಬೇಕಾದರೂ ತಮ್ಮ ಸಿಗ್ನಲ್ ಯಂತ್ರದ ಕಬ್ಬಿಣದ ಪೆಟ್ಟಿಗೆ ಬಿಗಿಯಬಹುದು. ಊರಿಗೆ ಬೇಡವಾದರೆ ಗಡುವಿನೊಳಗೆ ಕಾರಣ ಕೊಟ್ಟು ಬೇಡ ಎನ್ನಬೇಕು. ಸುಮ್ಮನಿದ್ದರೆ ಒಪ್ಪಿದ ಹಾಗೆ. ಗಡುವು ಆವತ್ತಿಗೇ ಮುಗಿಯುತ್ತಿತ್ತು.

ಆದರೆ ನಮ್ಮ ಪುರಸಭೆಗೆ ಇಲ್ಲ ಎನ್ನಲು ಬರುವುದಿಲ್ಲ. ಚಿಕ್ಕ ಊರು. ಕೇಳಲು ಬಂದವನು ಒಬ್ಬರಿಗೆ ಷಡ್ಡಕ, ಇನ್ನೊಬ್ಬರಿಗೆ ಗಿರಾಕಿ. ಅಂಗಡಿಯನ್ನು ಮೋರಿಯ ಮೇಲಕ್ಕೆ ಚಾಚುತ್ತೇನೆ ಎಂದು ಒಬ್ಬ ಬಂದರೆ, "ಮುಂದಿನ ಸಭೆಗೆ ಇಡೋಣ" ಎನ್ನುತ್ತೇವೆ. ಮತ್ತೆ ಬಂದರೆ ಮತ್ತೆ ಅದೇ ಮಾತು. ಅಷ್ಟರಲ್ಲಿ ಅವನಿಗೆ ಅರ್ಥವಾಗಿ ಮನೆಗೆ ಹೋಗುತ್ತಾನೆ, ದಾರಿಯಲ್ಲಿ ಸಿಕ್ಕರೆ ನಗುತ್ತಾನೆ. ನಮ್ಮಪ್ಪ ಸದಸ್ಯನಾಗಿದ್ದಾಗಲೂ ಇದೇ ರೂಢಿ. ಕಂಬದ ವಿಷಯವನ್ನೂ ಹೀಗೇ ಎರಡು ಸಲ ಮುಂದೂಡಿ, ಕೇಂದ್ರಕ್ಕೇ ಇಲ್ಲ ಅಂದೆವಲ್ಲ ಎಂದು ಎದೆಯುಬ್ಬಿಸಿಕೊಂಡು ಮನೆಗೆ ಹೋಗಿದ್ದೆವು. ನಾನೂ ಹೋಗಿದ್ದೆ.

ಆ ಬೆಳಿಗ್ಗೆ ರಾಜಧಾನಿಯಿಂದ ಕೇಂದ್ರದ ಅಧಿಕಾರಿಯೊಬ್ಬರು ಸಭೆಗೆ ಬಂದಿದ್ದರು. ಇಸ್ತ್ರಿ ಮುರಿಯದ ಅಂಗಿ, ಮೆತ್ತಗಿನ ಮಾತು. ಚಹಾ ಕುಡಿಯುತ್ತ, "ಬೇರೆ ಊರುಗಳಲ್ಲಿ ಬರೀ ತಕರಾರು. ನೀವು ನೋಡಿ, ಒಂದೇ ಒಂದು ಎದುರು ಮಾತಾಡಲಿಲ್ಲ. ಇವತ್ತೊಂದು ದಿನ ಕಳೆದ್ರೆ ಕೆಲಸ ಶುರು," ಎಂದರು. ನನಗೆ ಚಹಾ ನೆತ್ತಿಗೇರಿತು.

ಕೆಮ್ಮು ನಿಂತ ಕೂಡಲೇ ಮತಕ್ಕೆ ಹಾಕಿ ಎಂದು ಕೇಳಿದೆ. ಅಣ್ಣ ಮುಂದಿನ ಸಭೆಗೆ ಇಡೋಣ ಎಂದ. ಮೇಜು ಗುದ್ದಿದ್ದು ಆಮೇಲೆ.

"ಮೌನಂ ಸಮ್ಮತಿ ಲಕ್ಷಣಂ ಅಂತಾರೆ," ಎಂದು ನಿವೃತ್ತ ಮೇಷ್ಟ್ರು ಗೊಣಗಿದರು.

"ಮೇಷ್ಟ್ರೇ, ಜೋರಾಗಿ ಹೇಳಿ. ಗೋಡೆಗೆ ಹೇಳಿದ್ರೆ ಏನು ಬಂತು?" ಎಂದೆ.

ಅವರು ಕನ್ನಡಕ ಒರೆಸಿಕೊಳ್ಳತೊಡಗಿದರು.

ಅಣ್ಣ ದನಿ ತಗ್ಗಿಸಿದ. "ನೋಡು, ಕುಡಿಯೋ ನೀರಿನ ಕೊಳವೆ ಯೋಜನೆ ಅವರ ಕೈಲಿದೆ. ಇವತ್ತು ಎದುರು ಹಾಕ್ಕೊಂಡ್ರೆ ನಾಳೆ ಯಾವ ಮುಖ ಹೊತ್ಕೊಂಡು ಅಲ್ಲಿಗೆ ಹೋಗ್ಲಿ?"

"ಇದೇ ಮುಖ. ಬೇರೆ ಎಲ್ಲಿದೆ ನಿನ್ಹತ್ರ?"

"ನಿನಗೆ ಎಲ್ಲಾ ತಮಾಷೆ."

"ತಮಾಷೆ ಯಾವುದು ಅಂತ ಇವನನ್ನ ಕೇಳು." ನನ್ನ ಪಕ್ಕ ಕೂತಿದ್ದ ಸದಸ್ಯ, ಬೇಕರಿಯವನನ್ನು ತೋರಿಸಿದೆ.

ಅವನ ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಹಿಂದಿನ ವರ್ಷ ಯಾವುದೋ ಕಂಪನಿ, ಪರೀಕ್ಷೆಗೆ ಎಂದು ಹೇಳಿ, ಯಾರನ್ನೂ ಕೇಳದೆ ಮೂಲೆಯ ಕಂಬಕ್ಕೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ನೇತುಹಾಕಿತ್ತು. ಗಾಳಿಗೆ ಕಂಬ ಸಮೇತ ಅದು ಬೇಕರಿಯ ಮುಂಗಟ್ಟಿನ ಮೇಲೆ ಬಿತ್ತು. ಇವನು ಕೆಳಗಿದ್ದ. ಕಂಪನಿಗೆ ಫೋನು ಮಾಡಿದರೆ, ನಮಗೆ ಕೇಂದ್ರದ ಅನುಮತಿ ಇದೆ, ಅಲ್ಲಿ ಕೇಳಿ ಎಂದರು. ಅಲ್ಲಿ ಕೇಳಿದರೆ, ಕಂಬ ನಿಮ್ಮದೇ ಅಲ್ಲವೇ ಎಂದರು.

"ನೇತುಹಾಕುವಾಗ ಕಂಬ ಅವರದು, ಬಿದ್ದಾಗ ನಮ್ಮದು. ಇದ್ಯಾವ ಸೀಮೆ ನ್ಯಾಯ?" ಎಂದೆ.

ಅಧಿಕಾರಿ ಗಂಟಲು ಸರಿಮಾಡಿಕೊಂಡರು. "ಅಮ್ಮಾ, ನೀವು ಬೇಡ ಅಂದ್ರೂ ಮೇಲಿನವರು ಅದನ್ನ ತಳ್ಳಿಹಾಕಬಹುದು. ಸುಮ್ನೆ ಮನಸ್ತಾಪ ಯಾಕೆ?"

"ತಳ್ಳಿಹಾಕ್ಲಿ ಸ್ವಾಮಿ. ಆಗ ತಳ್ಳಿದವರು ಯಾರು ಅಂತ ಗೊತ್ತಿರುತ್ತೆ. ನಾಳೆ ಇನ್ಯಾರ ತಲೆ ಮೇಲಾದ್ರೂ ಬಿದ್ರೆ 'ನಿಮ್ಮೂರವರೇ ಒಪ್ಪಿದ್ರು' ಅಂತ ನೀವು ಹೇಳೋ ಹಾಗಿರಲ್ಲ."

ಅವರು ನಗಲು ನೋಡಿದರು. ಆಗಲಿಲ್ಲ.

"ಸಾಕು," ಎಂದು ಅಣ್ಣ ಎದ್ದು ನಿಂತ. "ವಿಷಯ ಮುಂದಿನ ಸಭೆಗೆ."

ಅಧ್ಯಕ್ಷ ಎದ್ದರೆ ಸಭೆ ಮುಗಿಯಿತು, ಎಲ್ಲರೂ ಏಳಬೇಕು. ಇದೂ ರೂಢಿಯೇ. ಕುರ್ಚಿಗಳು ಕಿರುಗುಟ್ಟಿದವು. ಮೇಷ್ಟ್ರು ಅರ್ಧ ಎದ್ದರು. ನಾನು ಏಳಲಿಲ್ಲ.

"ಏಳು," ಎಂದ ಅಣ್ಣ. ಚಿಕ್ಕಂದಿನಲ್ಲಿ ಊಟದ ಮುಂದಿನಿಂದ ಎಬ್ಬಿಸುತ್ತಿದ್ದ ದನಿ ಅದು.

"ಏಳಲ್ಲ. ಗುಮಾಸ್ತರೇ, ಬರ್ಕೊಳ್ಳಿ. ನನ್ನದು ಬೇಡ. ಕಾರಣ, ಹೋದ ವರ್ಷ ಬಿದ್ದ ಕಂಬ."

ಗುಮಾಸ್ತರು ಪೆನ್ನು ಹಿಡಿದುಕೊಂಡು ಅಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು. ಎತ್ತು ಏರಿಗೆ, ಕೋಣ ನೀರಿಗೆ ಎಳೆದಾಗ ನೊಗಕ್ಕೆ ಆಗುವ ಪಾಡು ಅವರದು.

ಬೇಕರಿಯವನು ಎದ್ದಿದ್ದ. ಮತ್ತೆ ಕೂತ. "ನನ್ನದೂ ಬೇಡ," ಎಂದ.

ಅವನ ಆಚೆಗಿದ್ದ ಔಷಧಿ ಅಂಗಡಿಯವಳು, "ಬೇಡ," ಎಂದಳು. ಆಮೇಲೆ, "ಅಯ್ಯೋ, ಇಷ್ಟು ಸುಲಭಾನಾ!" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಮೇಷ್ಟ್ರು ಮಾತ್ರ ಮಂಡಿ ಬಗ್ಗಿಸಿಕೊಂಡು ನಡುವೆಯೇ ನಿಂತಿದ್ದರು. ಅತ್ತ ಏಳಲೂ ಇಲ್ಲ, ಇತ್ತ ಕೂರಲೂ ಇಲ್ಲ. ಆವತ್ತು ಬಂದಿದ್ದ ಸದಸ್ಯರಲ್ಲಿ ಅವರು ಸೇರಿದರೆ ನಮ್ಮದು ಬಹುಮತ.

"ಮೇಷ್ಟ್ರೇ, ಇಡೀ ಊರಿಗೆ ಅಕ್ಷರ ಕಲಿಸಿದೋರು ನೀವು. ಎರಡಕ್ಷರ ಹೇಳೋಕೆ ಇಷ್ಟು ಹೊತ್ತಾ?" ಎಂದೆ.

ಅವರು ಅಣ್ಣನ ಕಡೆ ನೋಡದೆ, ಮೇಜಿನ ಮೇಲೆ ಚೆಲ್ಲಿದ್ದ ನೀರನ್ನು ನೋಡುತ್ತ ಕೂತರು. "ಬೇಡಪ್ಪ," ಎಂದರು.

ಗುಮಾಸ್ತರು ಬರೆದುಕೊಂಡರು. ಅಣ್ಣ ನಿಂತೇ ಇದ್ದ. ನನಗೆ ಸಿಟ್ಟು ಇಳಿಯುತ್ತಿತ್ತು. ಅವನೂ ಒಂದು ಮಾತು ಬೇಡ ಎಂದುಬಿಟ್ಟರೆ ಸಾಕಿತ್ತು. ಸಂಜೆ ಅವನ ಮನೆಗೆ ಹೋಗಿ, ಅತ್ತಿಗೆ ಕೈಯಿಂದ ಬೈಸಿಕೊಂಡು ಎಲ್ಲ ಸರಿಮಾಡಿಕೊಳ್ಳುತ್ತಿದ್ದೆ.

"ಅಣ್ಣ, ನೀನೂ ಹೇಳಿಬಿಡು. ಬೇಕಾದ್ರೆ ಬೇಕು ಅನ್ನು. ಏನಾದ್ರೂ ಒಂದು ಅನ್ನು."

ಅವನು ಕನ್ನಡಕವನ್ನು ಜೇಬಿಗಿಟ್ಟುಕೊಂಡ. ಗುಮಾಸ್ತರತ್ತ ಬೆರಳು ಮಾಡಿ, "ಅಧ್ಯಕ್ಷರು ಆ ಹೊತ್ತಿಗೆ ಸಭೇಲಿ ಇರಲಿಲ್ಲ ಅಂತ ಬರ್ಕೊಳ್ಳಿ," ಎಂದ.

"ಇದ್ದೆ ನೀನು!" ಎಂದು ಕೂಗಿದೆ. "ಕಂಬದ ಹಾಗೆ ಇಲ್ಲೇ ನಿಂತಿದ್ದೆ!"

ಅವನು ಬಾಗಿಲು ದಾಟಿದ. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಅವನ ಕುರ್ಚಿ ಹಾಗೇ ಓರೆಯಾಗಿತ್ತು, ಯಾರೂ ಸರಿಮಾಡಲಿಲ್ಲ, ಬರುತ್ತಾನೇನೋ ಎಂದು. ಅವನು ಬರಲಿಲ್ಲ. ಆವತ್ತೂ ಬರಲಿಲ್ಲ, ಮುಂದಿನ ಸಭೆಗೂ ಬರಲಿಲ್ಲ.