ಚಿಲ್ಲರೆಗೆ ಊರಿನ ಪರಿಚಯ

ಇಪ್ಪತ್ತೊಂಬತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಾನು. ಯಾರನ್ನು ಮಾತಾಡಿಸಬೇಕು, ಯಾರ ಬಾಯಿ ಮುಚ್ಚಿಸಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿವೃತ್ತಿಯಾದ ಮೇಲೆ, ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯವರು ಒಂದು ಮರಿ ತಂದುಕೊಟ್ಟು, ಒಂದು ವರ್ಷ ಸಾಕಿಕೊಡಿ ಎಂದರು. ಹಿಂದೆಮುಂದೆ ನೋಡದೆ ಒಪ್ಪಿದೆ. ಒಂದು ಕಡೆ ನಿಲ್ಲದ ಮರಿ. ಕೈಯಲ್ಲಿ ನಿಲ್ಲದ್ದಕ್ಕೆ ಚಿಲ್ಲರೆ ಎಂದೇ ಹೆಸರಿಟ್ಟೆ. ಬೀದಿಯಲ್ಲಿ ನಿಂತು "ಚಿಲ್ಲರೇ!" ಎಂದು ಕೂಗಿದರೆ ನಾಲ್ಕು ಜನ ಜೇಬು ಮುಟ್ಟಿಕೊಳ್ಳುತ್ತಿದ್ದರು.

ಮರಿ ಕೊಡುವಾಗ ತರಬೇತಿಯ ಹುಡುಗಿ ಹೇಳಿದ್ದಳು: "ಚುಚ್ಚುಮದ್ದೆಲ್ಲಾ ಮುಗಿದ್ಮೇಲೆ ಹೊರಗೆ ಕರ್ಕೊಂಡು ಹೋಗಿ ಅಮ್ಮಾ. ಅವನಿಗೆ ಜನರ ಪರಿಚಯ ಆಗ್ಬೇಕು."

ಪರಿಚಯ ಮಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ? ಟೈಲರ್, ಔಷಧಿ ಅಂಗಡಿಯವರು, ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಕಾವಲುಗಾರ, ಒಬ್ಬರನ್ನೂ ಬಿಡಲಿಲ್ಲ. "ಇವನು ಚಿಲ್ಲರೆ. ಇವರು ನಮ್ಮ ಟೈಲರಣ್ಣ, ಕೈ ಕೊಡು ನೋಡೋಣ." ಅವನು ಮುಂಗಾಲು ಕೊಡುತ್ತಿದ್ದ, ಅವರು ಬಿಸ್ಕತ್ತು ಕೊಡುತ್ತಿದ್ದರು. ಹುಡುಗಿ ಪ್ರತಿ ವಾರ ಫೋನ್ ಮಾಡಿದಾಗಲೂ, ಎಲ್ಲರೂ ಪರಿಚಯ ಆಗಿದ್ದಾರೆ ಕಣಮ್ಮಾ ಎಂದು ಬೀಗುತ್ತಿದ್ದೆ.

ಹತ್ತನೇ ತಿಂಗಳಲ್ಲಿ ಅವಳೇ ನೋಡಲು ಬಂದಳು. ಮೂವರೂ ಅಂಗಡಿ ಬೀದಿಗೆ ಹೋದೆವು. ರಸ್ತೆಯ ಆಚೆ ಟೈಲರ್ ಕಂಡದ್ದೇ ತಡ, ಚಿಲ್ಲರೆ ಎಳೆದ ಎಳೆತಕ್ಕೆ ನಾನು ಪಾದಚಾರಿ ದಾರಿಯಿಂದ ಕೆಳಗೆ ಬಿದ್ದು ಮೊಣಕಾಲು ತರಚಿಕೊಂಡೆ. ಒಂದು ಸ್ಕೂಟರ್ ಕಿರ್ರೆಂದು ನಿಂತಿತು.

"ಅಮ್ಮಾ," ಹುಡುಗಿ ನನ್ನನ್ನು ಎಬ್ಬಿಸುತ್ತಾ ಮೆಲ್ಲಗೆ ಹೇಳಿದಳು, "ನಿಮಗೆ ಕಣ್ಣು ಕಾಣುತ್ತೆ. ಕಾಣದೇ ಇರೋರು ಈ ಬೆಲ್ಟ್ ಹಿಡ್ಕೊಂಡಿದ್ರೆ?"

ಆಮೇಲೆ ಬಿಡಿಸಿ ಹೇಳಿದಳು. ಪರಿಚಯ ಎಂದರೆ ಜನ ಇರುತ್ತಾರೆ, ಇದ್ದರೆ ಇರಲಿ ಎಂದು ಅವನಿಗೆ ಗೊತ್ತಾಗುವುದಂತೆ. ನಾನೋ ಊರಿನವರನ್ನೆಲ್ಲ ಅವನ ಸ್ನೇಹಿತರನ್ನಾಗಿ ಮಾಡಿಟ್ಟಿದ್ದೆ. ಆರು ವಾರದಲ್ಲಿ ಪರೀಕ್ಷೆ, ಅದರಲ್ಲೂ ಹೀಗೇ ಎಳೆದರೆ ಅವನು ಈ ಕೆಲಸಕ್ಕೆ ಬೇಡ ಎಂದಳು.

ಮನೆಯಲ್ಲಿ ನನ್ನ ಜೊತೆಗಿರುವ ತಂಗಿಗೆ ಖುಷಿಯೋ ಖುಷಿ. "ಹೋಗ್ಲಿ ಬಿಡಕ್ಕಾ. ಫೇಲಾದ್ರೆ ನಮ್ಮನೇಲೇ ಇರ್ತಾನೆ!"

ಸುಳ್ಳೇಕೆ ಹೇಳಲಿ, ಒಂದು ಲೋಟ ಕಾಫಿ ಮುಗಿಯುವವರೆಗೂ ಆ ಮಾತು ನನಗೂ ಸಿಹಿಯಾಗಿಯೇ ಇತ್ತು. ಆಮೇಲೆ ನಾಚಿಕೆಯಾಯಿತು. ಯಾರೋ ಒಬ್ಬರು ಇವನಿಗಾಗಿ ಕಾಯುತ್ತಾ ಮನೆಯೊಳಗೇ ಕೂತಿದ್ದಾರೆ, ನಾನು ಸೋಫಾದ ಮೇಲೆ ಮಲಗಿಸಿಕೊಳ್ಳಲೇ? ನನ್ನ ಕೈಯಲ್ಲಿ ಕೆಟ್ಟದ್ದನ್ನು ನಾನೇ ಸರಿಮಾಡುತ್ತೇನೆ ಎಂದೆ.

ಮಾರನೆಯ ದಿನ ಅಂಗಡಿ ಅಂಗಡಿಗೆ ಹೋಗಿ, ನಾಳೆಯಿಂದ ನಮ್ಮನ್ನು ಕಂಡರೂ ಕಾಣದ ಹಾಗೆ ಇರಿ ಎಂದು ಹೇಳಿಬಂದೆ.

"ನಾನೇನು ತಪ್ಪು ಮಾಡ್ದೆ ಅಂತ?" ಟೈಲರ್ ಮುಖ ಊದಿಸಿಕೊಂಡ.

"ತಪ್ಪು ನಂದೇ ಅಣ್ಣಾ. ಬಿಸ್ಕತ್ತನ್ನ ನೀವೇ ತಿನ್ನಿ."

ಬಸ್ ನಿಲ್ದಾಣದಿಂದ ನೂರು ಹೆಜ್ಜೆ ದೂರದಲ್ಲಿ ಶುರು ಮಾಡಿದೆವು. ಮೊದಲ ದಿನ ಬರೀ ಐದು ನಿಮಿಷ. ಜನರನ್ನು ನೋಡಿ, ತಾನಾಗಿಯೇ ತಿರುಗಿ ನನ್ನ ಮುಖ ನೋಡಿದರೆ ಮಾತ್ರ ಬಾಯಿಗೆ ಒಂದು ತಿನಿಸು. ಬಸ್ಸಿನ ಬ್ರೇಕು ಬುಸ್ಸೆಂದಾಗ ಅವನು ಬಾಲ ಮಡಚಿ ತಿನಿಸಿನಿಂದ ಮುಖ ತಿರುಗಿಸಿದ. ಹಳೆಯ ನಾನಾಗಿದ್ದರೆ, ಇದಕ್ಕೆಲ್ಲ ಹೆದರ್ತಾರೇನೋ ಎಂದು ದರದರ ಎಳೆದುಕೊಂಡು ಹೋಗುತ್ತಿದ್ದೆ. ತಿನ್ನಲು ಒಪ್ಪದಿದ್ದರೆ ಹತ್ತಿರ ಬಂದದ್ದು ಹೆಚ್ಚಾಯಿತು, ಹಿಂದೆ ಸರಿಯಿರಿ ಎಂದು ಹುಡುಗಿ ಹೇಳಿಕೊಟ್ಟಿದ್ದಳು. ಸರಿದೆವು. ಇಪ್ಪತ್ತು ಹೆಜ್ಜೆ ಹಿಂದೆ ಹೋದಾಗ ತಿಂದ. ನಾಲ್ಕನೇ ವಾರಕ್ಕೆ ಬಸ್ಸಿನ ಬಾಗಿಲ ಪಕ್ಕದಲ್ಲೇ ಮಲಗಿ ಆಕಳಿಸಿದ. ಆವತ್ತು ನಡಿಗೆಯಲ್ಲಿ ನನಗೂ ಒಂದು ಠೀವಿ ಬಂತು.

ಪರೀಕ್ಷೆ ನಡೆದದ್ದೂ ನಿಲ್ದಾಣದಲ್ಲೇ, ಬೆಳಿಗ್ಗೆ ಹತ್ತಕ್ಕೆ. ಬೆಲ್ಟ್ ಹುಡುಗಿಯ ಕೈಯಲ್ಲಿತ್ತು. ಟೈಲರ್ ಬಟ್ಟೆ ಗಂಟು ಹೊತ್ತು ಎದುರಿಗೇ ಬಂದ, ಚಿಲ್ಲರೆ ದಾಟಿದ. ಯಾರದೋ ಬನ್ನು ಕೆಳಗೆ ಬಿತ್ತು, ಮೂಗು ಅಲ್ಲಾಡಿಸಿದ, ದಾಟಿದ. ಮುಗಿಯಿತು ಎಂದುಕೊಂಡೆ.

"ಕೊನೇದು ಒಂದಿದೆ ಅಮ್ಮಾ," ಹುಡುಗಿ ಹತ್ತಿರ ಬಂದು ಹೇಳಿದಳು. "ನೀವು ಆ ಬೆಂಚಿನ ಮೇಲೆ ಕೂತ್ಕೊಳ್ಳಿ. ಕರೀಬೇಡಿ, ನಗಬೇಡಿ. ನಿಮ್ಮನ್ನ ದಾಟ್ತಾನಾ ನೋಡೋಣ."

ಇದನ್ನು ನಾನು ಅವನಿಗೆ ಕಲಿಸಿರಲಿಲ್ಲ. ಪರೀಕ್ಷೆ ನೋಡಲು ಬಂದು ಬೆಂಚಿನ ಮೇಲಿದ್ದ ತಂಗಿಯ ಪಕ್ಕ ಕೂತು, ಎದುರು ನಿಂತ ಬಸ್ಸಿನ ನಂಬರ್ ಮೇಲೆ ಕಣ್ಣು ನೆಟ್ಟೆ. ಅವನು ಬಂದ. ನನ್ನನ್ನು ಕಂಡ. ಬಾಲ ಎರಡು ಸಲ ಬಡಿಯಿತು, ಒಂದು ಹೆಜ್ಜೆ ನಿಧಾನವಾಯಿತು. ಒಂದು ಸಲ ಚಿಲ್ಲರೇ ಎಂದಿದ್ದರೆ ಸಾಕಿತ್ತು, ಮಡಿಲಿಗೇ ಹಾರುತ್ತಿದ್ದ. ಹಲ್ಲು ಕಚ್ಚಿ ಕೂತೆ. ಅವನು ಕತ್ತೆತ್ತಿ ಹುಡುಗಿಯ ಮುಖ ನೋಡಿ, ನೆಟ್ಟಗೆ ಮುಂದೆ ನಡೆದ. ಸಂಕಟವಾಯಿತು, ಹೆಮ್ಮೆಯೂ ಆಯಿತು. ಯಾವುದು ಹೆಚ್ಚು ಎಂದು ಕೇಳಿದರೆ ಹೆಮ್ಮೆಯೇ.

ತಂಗಿ ನನ್ನ ತೋಳು ಹಿಡಿದಳು. "ಅಕ್ಕಾ, ನಿನ್ನ ಗುರುತೇ ಸಿಗ್ಲಿಲ್ವಲ್ಲೇ ಅವನಿಗೆ!"

"ಸಿಕ್ತು ಕಣೇ," ಮೂಗು ಒರೆಸಿಕೊಂಡು ಹೇಳಿದೆ. "ಸಿಕ್ಕಿದ್ರೂ ಹೋದ."