ಪಾರ್ಸೆಲ್ ಕೋಣೆ

ಜನ ಬೇಡವೆಂದು ವಾಪಸು ಕಳಿಸಿದ ಬಟ್ಟೆಬರೆಗಳನ್ನು ಮತ್ತೆ ಹೊಸದು ಮಾಡುವುದು ಅವಳ ಕೆಲಸ. ಊರಾಚೆಯ ಗೋದಾಮಿನಲ್ಲಿ, ಮೂರನೆಯ ಸಾಲಿನ ಉದ್ದನೆಯ ಮೇಜಿನ ಮುಂದೆ, ಹನ್ನೊಂದು ವರ್ಷದಿಂದ ಅವಳು ನಿಂತೇ ಇದ್ದಾಳೆ. ರಟ್ಟಿನ ಪೆಟ್ಟಿಗೆ ಬರುತ್ತದೆ, ಟೇಪು ಕತ್ತರಿಸುತ್ತಾಳೆ, ಒಳಗಿನದನ್ನು ಬೆಳಕಿಗೆ ಹಿಡಿಯುತ್ತಾಳೆ, ಗುಂಡಿ ಎಣಿಸುತ್ತಾಳೆ, ಕಂಕುಳಿನ ಹತ್ತಿರ ಮೂಸಿ ನೋಡುತ್ತಾಳೆ. ಮೂಸದೆ ವಿಧಿಯಿಲ್ಲ. ಒಂದು ದಿನ ತೊಟ್ಟು ಮೆರೆದು, ಮರುದಿನ ಏನೂ ಅರಿಯದವರಂತೆ ವಾಪಸು ಕಳಿಸುವ ಪುಣ್ಯಾತ್ಮರು ಎಲ್ಲ ಕಡೆಯೂ ಇರುತ್ತಾರೆ. ಆಮೇಲೆ ಹೊಲಿಗೆಗೆ ಹೊಲಿಗೆ ಕೂಡಿಸಿ ಮಡಿಸುತ್ತಾಳೆ, ತೆಳು ಕಾಗದ ಸುತ್ತುತ್ತಾಳೆ, ಹೊಸ ಟೇಪು ಎಳೆಯುತ್ತಾಳೆ. ಅವಳು ಮಡಿಸಿದ ಅಂಗಿಯನ್ನು ಹೊಲಿದವನೇ ಬಂದು ನೋಡಿದರೂ ಅದು ಒಬ್ಬರ ಮೈಮೇಲೆ ಹೋಗಿ ಬಂದದ್ದು ಎಂದು ಹೇಳಲಾರ. ಜೊತೆಯವರು ಅವಳನ್ನು ಇಸ್ತ್ರಿ ಎಂದೇ ಕರೆಯುತ್ತಾರೆ. ಈ ಹೆಸರಿಗೆ ಅವಳು ಮೊದಮೊದಲು ಮೂಗು ಮುರಿದಳು, ಈಗ ಓಗೊಡುತ್ತಾಳೆ.

ದಿನವಿಡೀ ಬೇರೆಯವರು ಕೊಂಡು ಬಿಸಾಕಿದ್ದನ್ನು ಮಡಿಸುವವಳಿಗೆ ಕೊಳ್ಳುವುದೆಂದರೆ ವಾಕರಿಕೆ ಬರಬೇಕಿತ್ತು. ನ್ಯಾಯವಾಗಿ ಹಾಗೇ ಆಗಬೇಕು. ಆದರೆ ಮನಸ್ಸು ಯಾವತ್ತು ನ್ಯಾಯ ಕೇಳಿದೆ?

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಮುಗಿಯಿತು. ಕೈಯಲ್ಲಿ ಫೋನು, ಫೋನಿನಲ್ಲಿ ಅಂಗಡಿ. ಬೆರಳು ತಾನಾಗಿ ಜಾರುತ್ತದೆ. ನೀಲಿ ಹೂದಾನಿ, ಉಣ್ಣೆಯ ಶಾಲು, ಬೆಳ್ಳಿಬಣ್ಣದ ಚಪ್ಪಲಿ, ಮರದ ಹಿಡಿಯ ಕೊಡೆ ಎಲ್ಲವೂ ನಿಧಾನವಾಗಿ ತೇಲಿ ಬಂದು, ತುಸು ನಿಂತು, ತೇಲಿ ಹೋಗುತ್ತವೆ. ಹೊರಗೆ ಬೀದಿದೀಪಗಳೂ ಹಾಗೇ ಹಿಂದೆ ಸರಿಯುತ್ತವೆ. ಯಾವುದು ಗಾಜಿನಾಚೆ, ಯಾವುದು ಗಾಜಿನೊಳಗೆ ಎಂಬುದು ಅವಳಿಗೆ ಒಂದೊಂದು ಸಲ ಮರೆತೇ ಹೋಗುತ್ತದೆ. ಎಲ್ಲೋ ಒಂದು ಕಡೆ ಬೆರಳು ನಿಲ್ಲುತ್ತದೆ, ಒತ್ತುತ್ತದೆ. ಮೈಯೆಲ್ಲ ಹಗುರ. ಅಲ್ಲಿಂದ ಮುಂದಿನ ಎರಡು ಮೂರು ದಿನ ಅವಳು ನೆಲದಿಂದ ಗೇಣು ಮೇಲೆ ನಡೆಯುತ್ತಾಳೆ. ಏನೋ ಬರುವುದಿದೆ. ತನಗಾಗಿ, ಇಷ್ಟು ದೊಡ್ಡ ಲೋಕದಲ್ಲಿ ದಾರಿ ಹುಡುಕಿಕೊಂಡು, ಏನೋ ಬರುತ್ತಾ ಇದೆ.

ಬಂದೇ ಬರುತ್ತದೆ. ಬೆಲ್ಲು ಹೊಡೆಯುತ್ತದೆ, ಅವಳು ಸೌಟು ಬಿಟ್ಟು ಓಡುತ್ತಾಳೆ. ಬಾಗಿಲಲ್ಲಿ ನಿಂತ ಪಾರ್ಸೆಲ್ಲಿನವನು ಚೀಟಿ ನೋಡಿ ಅವಳ ಪೂರ್ತಿ ಹೆಸರನ್ನು, ಅಪ್ಪನ ಹೆಸರಿನ ಮೊದಲಕ್ಷರದ ಸಮೇತ, ಗಟ್ಟಿಯಾಗಿ ಓದುತ್ತಾನೆ. "ನಾನೇ" ಎನ್ನುತ್ತಾಳೆ ಅವಳು. ಆ ಒಂದು ಗಳಿಗೆ ಅವಳ ಮುಖ ನೋಡಬೇಕು, ಹತ್ತು ವರ್ಷದ ಹುಡುಗಿಯ ಮುಖ. ಬಾಗಿಲು ಮುಚ್ಚಿದ ಕೂಡಲೇ ಅದು ಆರಿಹೋಗುತ್ತದೆ. ಪೆಟ್ಟಿಗೆಯನ್ನು ತೆರೆಯುವುದಿಲ್ಲ. ಒಳಗಿನ ಕೋಣೆಗೆ ಒಯ್ದು, ಉಳಿದವುಗಳ ಮೇಲೆ ಜೋಡಿಸಿ, ಕದ ಎಳೆದುಕೊಂಡು ಬರುತ್ತಾಳೆ.

ಹಾಲ್ ಬಿಟ್ಟರೆ ಮನೆಯಲ್ಲಿ ಇರುವುದು ಎರಡೇ ಕೋಣೆ. ಒಂದರಲ್ಲಿ ಅವಳು ಮಲಗುತ್ತಾಳೆ. ಇನ್ನೊಂದರಲ್ಲಿ ನಾಲ್ಕು ವರ್ಷದಿಂದ ಪಾರ್ಸೆಲ್ಲುಗಳು ಮಲಗಿವೆ, ನೆಲದಿಂದ ಸೂರಿನವರೆಗೆ. ಆ ಕೋಣೆ ಮಗಳದು.

ಮಗಳಿಗೆ ಹದಿಮೂರು. ಮನೆಮಂದಿಗೆಲ್ಲ ಅವಳು ಗುಬ್ಬಿ. ಅಪ್ಪನೆಂಬವನು ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದಾಗ ನಿಜಕ್ಕೂ ಗುಬ್ಬಿಯಷ್ಟೇ ಇದ್ದಳು. ಈಗ ಅಮ್ಮನ ಭುಜ ದಾಟಿದ್ದಾಳೆ. ಮಲಗುವುದು ಹಾಲಿನ ಸೋಫಾದ ಮೇಲೆ. ಹೋದ ವರ್ಷದವರೆಗೆ ಕಾಲು ಮಡಚಿದರೆ ಸಾಕಿತ್ತು. ಈಗ ಹೇಗೆ ಮಲಗಿದರೂ ಪಾದಗಳೆರಡೂ ಸೋಫಾದ ಕೈ ದಾಟಿ ಗಾಳಿಯಲ್ಲಿ ನಿಲ್ಲುತ್ತವೆ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಆ ಪಾದಗಳ ಮೇಲೆ ಹೊದಿಕೆ ಎಳೆದು ಹೋಗುವುದು ಅಮ್ಮನ ಅಭ್ಯಾಸ. ಆ ಹೊತ್ತಿನಲ್ಲಿ ಒಳಕೋಣೆಯ ಕದದ ಕಡೆ ಕಣ್ಣು ಹಾಯಿಸುವುದಿಲ್ಲ. ಸಂಜೆ ಬಸ್ಸಿನಲ್ಲಿ ಆ ಪಾದಗಳ ನೆನಪಿಗೂ ಒಂದು ಮದ್ದು ಕೊಳ್ಳುತ್ತಾಳೆ.

ಎಷ್ಟು ದಿನ ನಡೆದೀತು? ಒಂದು ಶುಕ್ರವಾರ ಅಕ್ಕ ಬಂದಳು. ಅಕ್ಕ ಔಷಧಿ ಅಂಗಡಿ ನಡೆಸುವವಳು, ಮಾತು ಅಳೆದು ಕೊಡುತ್ತಾಳೆ.

"ನೋಡು, ನಿನ್ನನ್ನ ಬೈಯೋಕೆ ಬಂದಿಲ್ಲ. ಗುಬ್ಬಿ ನನ್ನ ಹತ್ರ ಬಂದು ಕೇಳಿದಾಳೆ, ದೊಡ್ಡಮ್ಮ ನಿಮ್ಮನೇಲಿ ಇರಲಾ ಅಂತ. ನನ್ನ ಮಗನ ರೂಮು ಖಾಲಿ ಬಿದ್ದಿದೆ."

ಅವಳು ಮಗಳ ಕಡೆ ತಿರುಗಿದಳು. ಮಗಳು ಪುಸ್ತಕದಿಂದ ತಲೆಯೆತ್ತಲಿಲ್ಲ.

"ನೀನೇ ಕೇಳಿದ್ಯಾ?"

"ಹೂಂ."

"ಭಾನುವಾರ ರಜಾ ಇದೆ. ಖಾಲಿ ಮಾಡ್ತೀನಿ. ಆಣೆ ಮಾಡಿ ಹೇಳ್ತೀನಿ."

"ಆಣೆಗೀಣೆ ಬೇಡಮ್ಮ," ಎಂದಳು ಗುಬ್ಬಿ ಪುಸ್ತಕಕ್ಕೇ ಹೇಳುವಂತೆ. "ಮಂಚ ಹಾಕೋಷ್ಟು ಜಾಗ ಆದ್ರೆ ಸಾಕು. ನಾನು ಹೋಗಲ್ಲ."

ಭಾನುವಾರ ಸಂಜೆ ಆರಕ್ಕೆ ಬಂದು ನೋಡುತ್ತೇನೆ ಎಂದು ಅಕ್ಕ ಚಪ್ಪಲಿ ಮೆಟ್ಟಿದಳು.

ಭಾನುವಾರ ಬೆಳಗ್ಗೆ ಗುಬ್ಬಿ ಓದಿಕೊಳ್ಳಲು ಗೆಳತಿಯ ಮನೆಗೆ ಹೋದಳು. ಇತ್ತ ಮನೆಯಲ್ಲಿ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಣೆಯ ಕದ ತಳ್ಳಿದಳು. ಹೊಸ ರಟ್ಟಿನ ವಾಸನೆ ತಣ್ಣಗೆ ಮುಖಕ್ಕೆ ಬಡಿಯಿತು. ಪೆಟ್ಟಿಗೆಗಳ ಸಂದಿಯಿಂದ ಕಿಟಕಿಯ ಬಿಸಿಲು ಒಂದು ಎಳೆಯಷ್ಟು ಒಳಗೆ ಬಂದಿತ್ತು, ಅದರಲ್ಲಿ ದೂಳು ಮೆಲ್ಲಗೆ ಆಡುತ್ತಿತ್ತು. ಅವಳು ನೆಲದ ಮೇಲೆ ಕೂತು ಮೊದಲನೆಯ ಪೆಟ್ಟಿಗೆಯನ್ನು ತೊಡೆಯ ಮೇಲೆಳೆದುಕೊಂಡು ಟೇಪು ಕತ್ತರಿಸಿದಳು. ಒಂದು ಹಳದಿ ರೇಷ್ಮೆಯ ವಸ್ತ್ರ. ಇದನ್ನು ಯಾವಾಗ ತರಿಸಿದೆ? ನೆನಪಿಲ್ಲ. ಬೆಳಕಿಗೆ ಹಿಡಿದಳು. ಎಷ್ಟು ಚಂದ! ಎರಡನೆಯದರಲ್ಲಿ ಆರು ಗಾಜಿನ ಬಟ್ಟಲು. ಬೆರಳಿನಿಂದ ಮೀಟಿದರೆ ಒಂದೊಂದಕ್ಕೂ ಒಂದೊಂದು ಸ್ವರ. ಮೂರನೆಯದರಲ್ಲಿ ಗಂಡಸರ ಸ್ವೆಟರು. ಈ ಮನೆಯಲ್ಲಿ ಗಂಡಸೆಲ್ಲಿ? ಅವಳಿಗೇ ನಗು ಬಂತು.

ಆಮೇಲೆ ಅವಳು ಎಣಿಸುವುದನ್ನು ಬಿಟ್ಟಳು. ಹೊತ್ತು ಎಂಬುದು ಕೋಣೆಯ ಹೊರಗೆಲ್ಲೋ ನಿಂತಿತು. ಬಿಸಿಲಿನ ಎಳೆ ಗೋಡೆಯಿಂದ ನೆಲಕ್ಕೆ, ನೆಲದಿಂದ ಅವಳ ಮಂಡಿಗೆ ಹತ್ತಿತು. ಯಾರದೋ ಹಡಗಿನಿಂದ ಇಳಿದಂತೆ ಒಂದರ ಹಿಂದೊಂದು ಬಂದವು: ಕನ್ನಡಿಗಳು, ಪರದೆಗಳು, ಮಗುವಿನ ಟೋಪಿ, ದಿಂಬಿನ ಚೀಲ, ಯಾರೂ ಬರೆಯದ ದಿನಚರಿ ಪುಸ್ತಕಗಳು. ಎಲ್ಲದರ ಮೇಲೂ ಒಂದು ಚೀಟಿ, ಚೀಟಿಯ ಮೇಲೆ ಅವಳ ಹೆಸರು. ನೂರಾರು ಬಾರಿ ಅವಳ ಹೆಸರು. ಅವಳು ಊಟ ಮರೆತಳು, ಬಾಯಾರಿಕೆ ಮರೆತಳು. ಕೈಗಳು ಮಾತ್ರ ನಿಲ್ಲಲಿಲ್ಲ. ಎಷ್ಟೋ ವರ್ಷದ ಮೇಲೆ ಮನಸ್ಸು ಕೊಳದ ನೀರಿನಂತೆ ಅಲುಗದೆ ನಿಂತಿತ್ತು. ಇಷ್ಟು ಸುಲಭವೇ ಇದು, ಇಷ್ಟಕ್ಕೆ ನಾಲ್ಕು ವರ್ಷ ಹೆದರಿದೆನೇ ಎಂದುಕೊಂಡಳು. ಕಡೆಯ ಪೆಟ್ಟಿಗೆಯನ್ನು ಮುಗಿಸಿ ಬೆನ್ನು ನೀವಿಕೊಳ್ಳುತ್ತಾ ಎದ್ದಾಗ ಹಾಲಿನಲ್ಲಿ ಬೀಗದ ಸದ್ದಾಯಿತು.

"ಬಾ ಗುಬ್ಬಿ, ಬಂದು ನೋಡು! ಎಲ್ಲ ಮುಗೀತು!"

ಗುಬ್ಬಿ ಚೀಲ ಹೆಗಲಲ್ಲಿಟ್ಟುಕೊಂಡೇ ಓಡಿ ಬಂದಳು. ಬಾಗಿಲಲ್ಲಿ ನಿಂತಳು. ಅವಳ ಕಣ್ಣು ನೆಲದಿಂದ ಸೂರಿಗೆ ಹತ್ತಿತು.

ಆಗ ಅವಳೂ ತಿರುಗಿ ನೋಡಿದಳು.

ಪೆಟ್ಟಿಗೆಗಳು ನೆಲದಿಂದ ಸೂರಿನವರೆಗೆ ನಿಂತಿದ್ದವು. ಒಂದೂ ಕಡಿಮೆಯಾಗಿರಲಿಲ್ಲ. ತೆರೆದಿದ್ದಳು, ನೋಡಿದ್ದಳು, ಹೊಲಿಗೆಗೆ ಹೊಲಿಗೆ ಕೂಡಿಸಿ ಮಡಿಸಿದ್ದಳು, ಮತ್ತೆ ಪೆಟ್ಟಿಗೆಯಲ್ಲಿಟ್ಟು ಹೊಸ ಟೇಪು ಎಳೆದಿದ್ದಳು. ಬೆಳಗ್ಗೆ ಅಡ್ಡಾದಿಡ್ಡಿ ಇದ್ದ ಸಾಲುಗಳು ಈಗ ಗೋದಾಮಿನಂತೆ ನೆಟ್ಟಗಿದ್ದವು, ಅಷ್ಟೇ ವ್ಯತ್ಯಾಸ. ಹನ್ನೊಂದು ವರ್ಷ ಒಂದೇ ಕೆಲಸ ಮಾಡಿದ ಕೈಗಳು ಅವಳನ್ನು ಕೇಳದೆ ತಮ್ಮ ಕೆಲಸ ಮಾಡಿ ಮುಗಿಸಿದ್ದವು.

ಗುಬ್ಬಿಗೆ ಮೊದಲು ನಗು ಬಂತು. "ರಜಾ ದಿನ ಡ್ಯೂಟಿ ಮಾಡಿದೀಯಲ್ಲಮ್ಮ," ಎಂದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಬಾಗಿಲ ಚೌಕಟ್ಟಿಗೆ ಒರಗಿ ಕೂತು ಬಿಕ್ಕಿಬಿಕ್ಕಿ ಅತ್ತಳು.

ಅವಳು ಮಗಳ ಪಕ್ಕ ಕೂತಳು. ಮುಟ್ಟಲು ಕೈ ಬರಲಿಲ್ಲ. ಆ ಕೈಗಳ ಮೇಲೆ ಅವಳಿಗೆ ಅಷ್ಟು ಸಿಟ್ಟು ಬಂದಿತ್ತು.

"ಯಾಕಮ್ಮ?" ಎಂದಳು ಗುಬ್ಬಿ ಕಡೆಗೆ. "ಹಾಕ್ಕೊಳ್ಳಲ್ಲ, ಬಳಸಲ್ಲ, ತೆಗೆದೂ ನೋಡಲ್ಲ. ಮತ್ಯಾಕೆ ತರಿಸ್ತೀಯ?"

ಗೊತ್ತಿಲ್ಲ ಎನ್ನುವುದು ಅವಳ ರೂಢಿಯ ಉತ್ತರ. ಇವತ್ತು ಅದು ನಾಲಿಗೆಗೆ ಬರಲಿಲ್ಲ.

"ನಾನು ನಿನಗಿಂತ ಚಿಕ್ಕೋಳಿದ್ದಾಗ ಹಾಸ್ಟೆಲ್‌ನಲ್ಲಿದ್ದೆ. ಅಮ್ಮಂಗೆ ಹುಷಾರಿರಲಿಲ್ಲ, ಇಬ್ಬರನ್ನೂ ನೋಡ್ಕೊಳ್ಳೋಕೆ ಆಗಲ್ಲ ಅಂತ ನನ್ನ ಕಳಿಸಿದ್ರು. ಅಕ್ಕ ಮನೇಲೇ ಉಳಿದ್ಲು. ಪ್ರತಿ ಭಾನುವಾರ ಮೇಡಂ ಪಾರ್ಸೆಲ್ ರಾಶಿ ಇಟ್ಕೊಂಡು ಒಬ್ಬೊಬ್ಬರ ಹೆಸರು ಕೂಗೋರು. ಕೂಗಿದೋರು 'ನಾನೇ' ಅಂತ ಓಡಿ ಹೋಗೋರು. ನಾನೂ ಸಾಲಲ್ಲಿ ನಿಂತ್ಕೋತಿದ್ದೆ."

"ನಿಂಗೇನು ಬರ್ತಿತ್ತು?"

"ಏನೂ ಬರ್ತಿರಲಿಲ್ಲ. ಮೂರು ವರ್ಷ ನಿಂತೆ. ಕೊನೇ ಹೆಸರು ಆಗೋವರೆಗೂ ನಿಂತಿರ್ತಿದ್ದೆ, ಎಲ್ಲೋ ಅಡಿಯಲ್ಲಿ ಸಿಕ್ಕೊಂಡಿರಬಹುದು ಅಂತ." ಅವಳು ಹತ್ತಿರದ ಪೆಟ್ಟಿಗೆಯ ಚೀಟಿಯ ಮೇಲೆ ಬೆರಳಿಟ್ಟಳು. "ಒಳಗೇನಿದೆ ಅನ್ನೋದು ಬೇಕಿಲ್ಲ ಗುಬ್ಬಿ ನಂಗೆ. ಬಾಗಿಲಲ್ಲಿ ಯಾರೋ ಬಂದು ನನ್ನ ಹೆಸರು ಕೂಗ್ತಾರಲ್ಲ, ಅಷ್ಟೇ. ತೆಗೆದುಬಿಟ್ಟರೆ ಅದೂ ಮುಗಿದುಹೋಗುತ್ತೆ."

ಇಷ್ಟನ್ನೂ ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. ತನಗೇ ಹೇಳಿಕೊಂಡಿರಲಿಲ್ಲ. ಹೇಳಿದ ಮೇಲೆ ಕೋಣೆ ಬೇರೆ ಯಾವುದೋ ಕೋಣೆಯಂತೆ ಕಂಡಿತು. ಗೋಡೆಯುದ್ದಕ್ಕೂ ಮೂರು ವರ್ಷದ ಭಾನುವಾರಗಳು, ಒಂದರ ಮೇಲೊಂದು.

ಗುಬ್ಬಿ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು: "ಬೆಲ್ ಹೊಡೆದ್ರೆ ಓಡ್ತೀಯ. ನಾನು ಕರೆದ್ರೆ ಬಂದೆ ಇರು ಅಂತೀಯ. ನಾನೂ ಸಾಲಲ್ಲೇ ನಿಂತಿದೀನಲ್ಲಮ್ಮ."

ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ಆರಕ್ಕೆ ಸರಿಯಾಗಿ ಅಕ್ಕ ಬಂದಳು. ಕೋಣೆಗೆ ಇಣುಕಿ ನೋಡಿದವಳು ಗುಬ್ಬಿಯ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಎತ್ತಿಕೊಂಡಳು. ಮೆಟ್ಟಿಲಿನ ತನಕ ಹೋದ ಗುಬ್ಬಿ ತಿರುಗಿ ಬಂದು ಅಮ್ಮನನ್ನು ತಬ್ಬಿಕೊಂಡಳು.

"ಮುಂದಿನ ಭಾನುವಾರ ಮೂರು ಗಂಟೆಗೆ ನನ್ನ ನೋಡೋಕೆ ಬರ್ತೀಯ ತಾನೆ?"

"ಬರ್ತೀನಿ. ನಿಂಗೆ ಒಂದು ಚಂದದ..."

"ಏನೂ ತರಬೇಡ." ಗುಬ್ಬಿಯ ದನಿ ಗಟ್ಟಿಯಾಯಿತು. "ಹಣ್ಣೂ ಬೇಡ, ಪೆನ್ನೂ ಬೇಡ. ಬರೀ ನೀನು ಬಾ."

ಆ ವಾರ ಹೇಗೆ ಕಳೆಯಿತೆಂದು ಹೇಳುವುದು ಕಷ್ಟ. ಫೋನಿನ ಅಂಗಡಿಯನ್ನು ಮುಟ್ಟಲೇ ಇಲ್ಲ ಎಂದರೆ ಸುಳ್ಳಾದೀತು. ಮಂಗಳವಾರ ಬಸ್ಸಿನಲ್ಲಿ ಬೆರಳು ಒತ್ತಿಯೇಬಿಟ್ಟಿತು, ಗುರುವಾರ ಬೆಲ್ಲಾಯಿತು. ಅವಳು ಓಡಿದಳು ಕೂಡ. "ನಾನೇ" ಎಂದಾಗ ಮಾತ್ರ ದನಿ ಟೊಳ್ಳಾಗಿ ಕೇಳಿಸಿತು. ಸಂಜೆ ಹಾಲಿನಲ್ಲಿ ಸೋಫಾ ಪೂರ್ತಿ ಖಾಲಿ ಇತ್ತು. ಅವಳು ಅದರ ಮೇಲೆ ಕೂರಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ನಡೆದೇ ಹೊರಟಳು. ಆರು ಬೀದಿಗಳ ದಾರಿ. ಎರಡು ಕೈಗಳನ್ನು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಕಟ್ಟಿಕೊಂಡಳು, ಬಿಟ್ಟಳು, ಬೆನ್ನ ಹಿಂದೆ ಹಿಡಿದುಕೊಂಡಳು. ಅಂಗಡಿಗಳ ಗಾಜುಗಳಲ್ಲಿ ಬಿಸಿಲು ಜೇನಿನಂತೆ ಇಳಿಯುತ್ತಿತ್ತು. ಐದನೆಯ ಬೀದಿಯಲ್ಲಿ ಒಂದು ಗಾಜಿನಾಚೆ ತಿಳಿ ಹಸಿರಿನ ಶಾಲು, ಗುಬ್ಬಿಯ ಬಣ್ಣ. ಕಾಲು ಯಾವಾಗ ಒಳಗೆ ಹೋಯಿತೋ, ಯಾವಾಗ ಹೊರಗೆ ಬಂತೋ ಗೊತ್ತಾಗಲಿಲ್ಲ. ಗೊತ್ತಾದಾಗ ಅವಳು ಅಕ್ಕನ ಮನೆಯ ಬೀದಿಯ ತಿರುವಿನಲ್ಲಿ ನಿಂತಿದ್ದಳು, ಕೈಯಲ್ಲಿ ಚೀಲವಿತ್ತು, ಮೈ ಹಗುರವಾಗಿತ್ತು.

ಹತ್ತು ಹೆಜ್ಜೆ ನಡೆದಳು. ಚೀಲ ಎಷ್ಟು ಹಗುರವಿತ್ತು, ಹಿಡಿದದ್ದೇ ತಿಳಿಯದಷ್ಟು. ಗುಬ್ಬಿ ಬೇಡ ಅನ್ನಲಾರಳು. ಬಾಯಲ್ಲಿ ಚೆನ್ನಾಗಿದೆ ಎಂದು ಹೇಳಿ, ಮಡಿಸಿ ಒಂದು ಕಡೆ ಇಟ್ಟುಬಿಡುತ್ತಾಳೆ. ಆ ಮುಖ ಅವಳ ಕಣ್ಣಿಗೆ ಕಟ್ಟಿತು. ಕಾಲು ಮುಂದೆ ಬರಲಿಲ್ಲ.

ಅವಳು ತಿರುಗಿ ನಡೆದಳು, ಆಮೇಲೆ ಓಡಿದಳು. ಭಾನುವಾರ ಅರ್ಧ ದಿನದ ಅಂಗಡಿ; ಅಲ್ಲಿಯ ಹುಡುಗಿ ಬಾಗಿಲಿಗೆ ಬೀಗ ಹಾಕುವುದರಲ್ಲಿದ್ದಳು.

"ಇದನ್ನ ವಾಪಸು ತಗೋಬೇಕಿತ್ತು."

"ಈಗ ತಾನೆ ತಗೊಂಡ್ರಲ್ಲಮ್ಮ? ಏನಾಗಿದೆ ಅದಕ್ಕೆ?"

"ಅದಕ್ಕೇನೂ ಆಗಿಲ್ಲ," ಎಂದಳು ಅವಳು, ಏದುಸಿರು ಬಿಡುತ್ತಾ. "ಮಗಳು ಬರೀ ನೀನು ಬಾ ಅಂದಿದಾಳೆ."

ಹುಡುಗಿ ಅವಳನ್ನೇ ನೋಡಿದಳು. ಏನನ್ನಿಸಿತೋ, ಬೀಗ ತೆಗೆದು ಶಾಲನ್ನು ಒಳಗಿಟ್ಟು ಬಂದಳು.

ಅಷ್ಟು ಹೊತ್ತಿಗೆ ಹೇಳಿದ ವೇಳೆ ಮೀರಿ ಅರ್ಧ ಗಂಟೆಯಾಗಿತ್ತು. ಅಕ್ಕನ ಮನೆಯ ಗೇಟಿನ ಕಂಬಿ ಹಿಡಿದು ಗುಬ್ಬಿ ಬೀದಿಯನ್ನೇ ನೋಡುತ್ತಾ ನಿಂತಿದ್ದಳು. ಅಮ್ಮ ಹತ್ತಿರ ಬಂದಾಗ ಮೊದಲು ಅವಳ ಕೈಗಳನ್ನು ನೋಡಿದಳು. ಎರಡೂ ಖಾಲಿ ಇದ್ದವು. ಆಮೇಲೆ ಮುಖ ನೋಡಿದಳು.