ಪಕ್ಕದ ಸೀಟಿನ ಬ್ರೇಕು

ಕಾರು ಕಲಿಸುವ ಆ ಶಾಲೆಯಲ್ಲಿ ಅವರನ್ನು ಎಲ್ಲರೂ ಬ್ರೇಕ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿ ಅಳವಡಿಸಿದ್ದ ಇನ್ನೊಂದು ಬ್ರೇಕಿನ ಮೇಲೆ ಬಲಗಾಲು ಇಟ್ಟುಕೊಂಡು ಊರೆಲ್ಲ ಸುತ್ತುವುದೇ ಅವರ ಉದ್ಯೋಗ. ಸ್ಟೀರಿಂಗ್ ಕಂಡರೆ ಬೆವರುವ ಗೃಹಿಣಿಯರು, ಎಲ್ಲ ಗೊತ್ತು ಅನ್ನುವ ಕಾಲೇಜು ಹುಡುಗರು, ನಿವೃತ್ತಿಯಾದ ಮೇಲೆ ಆಸೆ ಹುಟ್ಟಿದ ಗುಮಾಸ್ತರು, ಎಲ್ಲರ ಜೀವವೂ ಆ ಒಂದು ಕಾಲಿನ ಕೆಳಗಿತ್ತು. ಅವರು "ಕಾಲೆತ್ತು!" ಎಂದು ಕೂಗಿದರೆ, ಆ ಮಾತು ಮುಗಿಯುವಷ್ಟರಲ್ಲಿ ಗಾಡಿ ನಿಂತಿರುತ್ತಿತ್ತು. "ನಂಗೆ ಕಣ್ಣಿರೋದು ಕಾಲಲ್ಲಿ" ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಜಂಬ ತುಸು ಹೆಚ್ಚೇ. ಆದರೆ ಇಷ್ಟು ವರ್ಷ ಅಂಥವರ ಪಕ್ಕ ಕೂತೂ ಗಾಡಿಗೆ ಒಂದು ಗೀರು ಬೀಳದಂತೆ ನೋಡಿಕೊಂಡ ಮನುಷ್ಯ ಜಂಬವನ್ನಲ್ಲದೆ ಇನ್ನೇನನ್ನು ಪಡಬೇಕು?

ಕೊನೆಗೆ ಆ ಕಾಲೇ ಕೈಕೊಟ್ಟಿತು. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಬಂದು ಮೊದಲು ಹೆಬ್ಬೆರಳನ್ನು ಮರಗಟ್ಟಿಸಿತು, ಆಮೇಲೆ ಇಡೀ ಪಾದವನ್ನು. ಒಂದು ಬೆಳಿಗ್ಗೆ ಹಾಲು ತರಲು ಹೋದವರ ಬಲಗಾಲಿನ ಚಪ್ಪಲಿ ಗೇಟಿನ ಹತ್ತಿರವೇ ಕಳಚಿಬಿದ್ದಿತ್ತು. ಅವರು ಮಾತ್ರ ಬೀದಿಯ ತುದಿಯವರೆಗೂ ಠೀವಿಯಿಂದ ನಡೆದುಹೋಗಿದ್ದರು. ಮಗಳು ಚಪ್ಪಲಿ ಎತ್ತಿಕೊಂಡು ಹಿಂದೆಯೇ ಓಡಿ ಬಂದಳು. ಅವಳು ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವ ಲ್ಯಾಬಿನ ಕೆಲಸದವಳು; ಇಂಥ ಕಾಲುಗಳನ್ನು ದಿನವೂ ಕಂಡವಳು.

"ಅಪ್ಪ, ಚಪ್ಪಲಿ ಬಿಟ್ಟಿದ್ದು ಗೊತ್ತಾಗ್ಲಿಲ್ವಾ?"

"ಗೊತ್ತಾಗ್ದೆ ಏನು? ಬರಿಗಾಲಲ್ಲಿ ನಡೆದ್ರೆ ಒಳ್ಳೇದು ಅಂತ ನಡೆದೆ" ಎಂದರು ಮೇಷ್ಟ್ರು. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಶಾಲೆಯ ಮಾಲೀಕ ಅವರ ಹೆಂಡತಿಯ ತಮ್ಮ. ವಿಷಯ ತಿಳಿದರೆ ಅವನು ಭಾವನನ್ನು ಬೀದಿಗೇನೂ ತಳ್ಳುವವನಲ್ಲ. ಆಫೀಸಿನಲ್ಲಿ ಫೋನ್ ಎತ್ತಲು ಕೂರಿಸುತ್ತಿದ್ದ. ಮೇಷ್ಟ್ರಿಗೆ ಅದಕ್ಕಿಂತ ಸಾವೇ ವಾಸಿ ಅನ್ನಿಸುತ್ತಿತ್ತು. ಬ್ರೇಕಿಲ್ಲದ ಬ್ರೇಕ್ ಮೇಷ್ಟ್ರನ್ನು ಯಾರು ಮೇಷ್ಟ್ರು ಅನ್ನುತ್ತಾರೆ? ಹಾಗಾಗಿ ಹಳೆಯ ಕಾರು ಗೇಟಿನ ಕಂಬಕ್ಕೆ ಉಜ್ಜಿಕೊಂಡ ದಿನ "ಬ್ರೇಕ್ ಸವೆದಿದೆ ಕಣೋ, ಗಾಡಿ ಮುದಿಯಾಯ್ತು" ಎಂದುಬಿಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಭಾವಮೈದ ನಂಬಿದ. ನಂಬಿ, ಪಕ್ಕದ ಸೀಟಿಗೂ ಬ್ರೇಕು ಹಾಕಿಸಿ, ಹೊಸ ಹೈಬ್ರಿಡ್ ಕಾರನ್ನೇ ತಂದು ನಿಲ್ಲಿಸಿದ.

"ಭಾವ, ಇದರಲ್ಲಿ ಆಕ್ಸಿಲರೇಟರಿಂದ ಕಾಲೆತ್ತಿದ್ರೆ ಸಾಕು, ಮೋಟರೇ ಚಕ್ರನ ಹಿಡ್ಕೊಂಡು ನಿಧಾನ ಮಾಡುತ್ತೆ. ಆ ಓಟನೆಲ್ಲ ಕರೆಂಟ್ ಮಾಡಿ ಬ್ಯಾಟರಿಗೆ ತುಂಬ್ಕೊಳುತ್ತೆ. ಗೇರನ್ನ ಯಾವಾಗ್ಲೂ ‘ಬಿ’ನಲ್ಲೇ ಇಡಿ, ಇನ್ನೂ ಗಟ್ಟಿಯಾಗಿ ಹಿಡಿಯುತ್ತೆ."

ಮೊದಲ ಕೆಲವು ದಿನ ಕಲಿಯುವವರ ತಲೆಗಳು ಮುಂದಕ್ಕೂ ಹಿಂದಕ್ಕೂ ತೂಗಾಡಿದವು. ಒಬ್ಬ ಗೃಹಿಣಿಗೆ ವಾಂತಿಯೇ ಬಂತು. ಮೇಷ್ಟ್ರು ಕೆಂಡವಾದರು. "ನಾನು ಒತ್ತೋಕ್ ಮುಂಚೆನೇ ನಿಧಾನ ಆಗುತ್ತಲ್ಲೋ! ಮಾತಿನ ಮಧ್ಯೆ ಬಾಯಿ ಹಾಕೋ ಭಾವಮೈದನ ಥರ!"

ಆಮೇಲೆ, ಯಾವಾಗ ಅಂತ ಅವರಿಗೂ ತಿಳಿಯಲಿಲ್ಲ, ಅಭ್ಯಾಸವಾಯಿತು. ಅಭ್ಯಾಸವೇನು, ಪ್ರೀತಿಯೇ ಹುಟ್ಟಿತು. ಅವರು "ಕಾಲೆತ್ತು!" ಎಂದು ಕೂಗಿ ಕಾಲು ಊರಿದರೆ ಗಾಡಿ ಹಿಂದಿನಂತೆ ವಿಧೇಯವಾಗಿ ವೇಗ ತಗ್ಗಿಸುತ್ತಿತ್ತು. ಮುಂದಿನ ಪುಟ್ಟ ಪರದೆಯಲ್ಲಿ ಚಕ್ರದಿಂದ ಬ್ಯಾಟರಿಯ ಕಡೆಗೆ ಹಸಿರು ಬಾಣ ಹರಿಯುತ್ತಿತ್ತು. ಒತ್ತಿದೆ, ನಿಧಾನವಾಯಿತು, ಒತ್ತಿದೆ, ನಿಧಾನವಾಯಿತು. ಹಾಗಾದರೆ ಕಾಲು ಸತ್ತಿಲ್ಲ! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುವ ಹಾಗೆ ಆಯಿತು, ಇಲ್ಲಿ ವೈದ್ಯನೊಬ್ಬ ಇರಲಿಲ್ಲ ಅಷ್ಟೇ. ಹೆಂಡತಿ ಡಾಕ್ಟರ ಮಾತೆತ್ತಿದರೆ "ಗುಣ ಆಗ್ತಿದೆ ಕಣೇ, ಗಾಡೀಲಿ ಕೂತಾಗ ನಂಗೇ ಗೊತ್ತಾಗುತ್ತೆ" ಎನ್ನುತ್ತಿದ್ದರು. ಅದು ಸುಳ್ಳಲ್ಲ, ಪಾಪ. ಅವರು ಅದನ್ನು ನಿಜವಾಗಿಯೂ ನಂಬಿದ್ದರು. ರಾತ್ರಿ ಪಾದ ಒತ್ತಿಕೊಳ್ಳುವುದನ್ನೂ ಬಿಟ್ಟರು.

ಮಗಳು ಮಾತ್ರ ನಂಬಲಿಲ್ಲ. "ಹೋದ ಸ್ಪರ್ಶ ಹಾಗೆಲ್ಲ ವಾಪಸ್ ಬರಲ್ಲಪ್ಪ."

"ಬಾ, ನೀನೇ ಓಡಿಸು. ನೋಡುವೆಯಂತೆ" ಎಂದರು ಮೇಷ್ಟ್ರು. ಅವಳ ಕೆಲಸಕ್ಕೂ ಲೈಸೆನ್ಸ್ ಬೇಕಾಗಿತ್ತು.

ಅವಳು ಚೆನ್ನಾಗಿಯೇ ಓಡಿಸಿದಳು. ನೀರಿನ ಟ್ಯಾಂಕಿನ ದಿಬ್ಬ ಹತ್ತಿ ಇಳಿದು, ಹೊಸ ಮನೆಗಳು ಏಳುತ್ತಿದ್ದ ಬೀದಿಗೆ ತಿರುಗಿಸಿದಳು. ಅಲ್ಲಿ ಅರ್ಧ ರಸ್ತೆಗೆ ಮರಳು ಸುರಿದಿತ್ತು. ಮರಳಿಗೆ ಒರಗಿ ಒಬ್ಬ ಗಾರೆ ಕೆಲಸದವನು ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದ.

"ಕಾಲೆತ್ತು!"

ಅಲ್ಲಿಯವರೆಗೆ ಆ ಮಾತು ಕೇಳಿದವರೆಲ್ಲ ಕಾಲೆತ್ತಿದ್ದರು. ಮಗಳು ಗಾಬರಿಯಲ್ಲಿ ಕಾಲನ್ನು ಆಕ್ಸಿಲರೇಟರಿನ ಮೇಲೆಯೇ ಗಟ್ಟಿಯಾಗಿ ಊರಿಬಿಟ್ಟಳು. ಗಾಡಿ ಮುನ್ನುಗ್ಗಿತು. ಮೇಷ್ಟ್ರು ಸೊಂಟದಿಂದ ಬಲ ತಂದು ಒತ್ತಿದರು. ಮಂಡಿ ನೆಟ್ಟಗಾಯಿತು, ಬೆನ್ನು ಸೀಟಿಗೆ ಅಂಟಿಕೊಂಡಿತು. ಗಾಡಿ ನಿಲ್ಲಲಿಲ್ಲ. "ಬ್ರೇಕ್ ಹಿಡೀತಿಲ್ಲ!" ಎಂದು ಅವರು ಕಿರುಚುತ್ತಿದ್ದಂತೆ ಗಾರೆಯವನು ಪಕ್ಕಕ್ಕೆ ಹಾರಿದ, ಕಾರು ಮರಳಿಗೆ ಮೂತಿ ತುರುಕಿ ನಿಂತಿತು. ಅವನ ಡಬ್ಬಿ ಚಕ್ರದಡಿಯಲ್ಲಿ ತಗಡಾಗಿ ಹೋಗಿತ್ತು.

ಮಗಳು ಗಾಡಿ ಆರಿಸಿದಳು. ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು, ಆದರೂ ಬಾಯಿ ನಿಲ್ಲಲಿಲ್ಲ. "ನೋಡಿದ್ಯಾ? ಪೂರ್ತಿ ಒತ್ತಿದೀನಿ, ಪೂರ್ತಿ! ಇಂಥ ಗಾಡಿ ಮಾರ್ತಾರಲ್ಲ, ಇವರಿಗೆ ಮನೆ ಮಕ್ಳು ಇಲ್ವಾ? ನಿನ್ ಮಾವಂಗೆ ಹೇಳ್ತೀನಿ ತಾಳು..."

ಅವಳು ಕೆಳಗೆ ನೋಡುತ್ತಿದ್ದಳು.

"ಅಪ್ಪ, ಕಾಲೆತ್ತು."

"ಎತ್ತಿದೀನಲ್ಲ."

"ಎತ್ತಿಲ್ಲಪ್ಪ."

"ಗಾಡಿ ನಿಂತ ತಕ್ಷಣ ಎತ್ತಿದೆ ಕಣಮ್ಮ. ಇಷ್ಟು ವರ್ಷದ ಅಭ್ಯಾಸ, ಅಷ್ಟೂ ಗೊತ್ತಾಗಲ್ವಾ ನಂಗೆ?"

ಅವಳು ಬಾಗಿ, ಇನ್ನೂ ಬಿಗಿಯಾಗಿ ಒತ್ತಿಕೊಂಡೇ ಇದ್ದ ಅವರ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದಳು. ಬ್ರೇಕಿನ ಪೆಡಲು ಅದರಿಂದ ಒಂದು ಗೇಣು ಆಚೆಗಿತ್ತು. ಅದರ ರಬ್ಬರು ಅಂಗಡಿಯಿಂದ ಬಂದ ಹಾಗೇ ಹೊಸದಾಗಿ ಹೊಳೆಯುತ್ತಿತ್ತು. ಕಾಲಿದ್ದ ಜಾಗದಲ್ಲಿ ಮಾತ್ರ ಹೊಸ ಮ್ಯಾಟಿನ ಗೆರೆಗಳೆಲ್ಲ ಸವೆದು ಒಂದು ಬೂಟಿನ ಅಚ್ಚು ನುಣ್ಣಗೆ ಮೂಡಿತ್ತು. ಅದು ಇವತ್ತು ಮೂಡಿದ್ದಲ್ಲ. ಮೇಷ್ಟ್ರು ಅದನ್ನು ನೋಡಿದರು. ಆ ಗೃಹಿಣಿ, ಆ ಗುಮಾಸ್ತ, ಆ ಹುಡುಗರು, ಇಷ್ಟು ದಿನ ತಾನು ಉಳಿಸಿದೆ ಎಂದುಕೊಂಡವರೆಲ್ಲ ತಾವೇ ಕಾಲೆತ್ತಿ ತಾವೇ ಉಳಿದುಕೊಂಡಿದ್ದರು.

ಗಾರೆಯವನು ಕಿಟಕಿಗೆ ಬಡಿಯುತ್ತಿದ್ದ. "ಪಕ್ದಲ್ಲಿ ಕೂತ್ಕೊಂಡು ಏನ್ರೀ ಮಾಡ್ತಿದ್ರಿ?"

ಮೇಷ್ಟ್ರು ತಮ್ಮ ಕಾಲನ್ನೇ ನೋಡುತ್ತಿದ್ದರು. ಮಗಳು ಅವರ ಪಾದವನ್ನು ಇನ್ನೂ ಬಿಟ್ಟಿರಲಿಲ್ಲ. ಬೆರಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹಿಡಿದುಕೊಂಡಿರುವುದು ಅವರಿಗೆ ಕಾಣುತ್ತಿತ್ತು, ಅಷ್ಟೇ.